ಪಕ್ಕದ ಮನೆ ಅಜ್ಜನ 2004ರ ಬ್ಯುಯಿಕ್ ಲೆಸೇಬರ್: ತಗೊಳ್ಳಬಹುದಾ?

ಮಲೆನಾಡ ಮಳೆ

ಎಲ್ಲರಿಗೂ ನಮಸ್ಕಾರ. ನಾನು ಮಿಶಿಗನ್‌ನ ಲ್ಯಾನ್ಸಿಂಗ್‌ನಲ್ಲಿದ್ದೇನೆ. ಓದು ಮುಗಿದು ಕೆಲಸ ಸಿಕ್ಕಿ ಮೂರು ತಿಂಗಳಾಯಿತು. ಇಷ್ಟು ದಿನ ಬಸ್ಸು, ಗೆಳೆಯರ ಕಾರು ಅಂತ ಹೇಗೋ ನಡೆಯಿತು. ಈಗ ಆಫೀಸು ಹದಿನೆಂಟು ಮೈಲಿ ದೂರ. ಚಳಿಗಾಲ ಬೇರೆ ಹತ್ತಿರ ಬರುತ್ತಿದೆ. ಇನ್ನು ಕಾರಿಲ್ಲದೆ ಆಗುವುದಿಲ್ಲ.

ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದಾರೆ. ಅಜ್ಜನಿಗೆ ಕಣ್ಣು ಮಂಜಾಗಿದೆ, ಓಡಿಸುವುದು ಬಿಟ್ಟಿದ್ದಾರೆ. ಅವರ 2004ರ ಬ್ಯುಯಿಕ್ ಲೆಸೇಬರ್ ಮಾರುತ್ತಿದ್ದಾರೆ. ಓಡಿರುವುದು 91,000 ಮೈಲಿ. ಶೋರೂಮಿನಿಂದ ತಂದವರೂ ಅವರೇ, ಕೈ ಬದಲಾಗಿಲ್ಲ. 3,400 ಡಾಲರ್ ಹೇಳಿದ್ದಾರೆ. ನಿನ್ನೆ ಒಂದು ಸುತ್ತು ಓಡಿಸಿ ನೋಡಿದೆ. ಗುಂಡಿ ಬಿದ್ದ ರಸ್ತೆಯಲ್ಲೂ ಮೈಗೆ ಏನೂ ತಾಗಲಿಲ್ಲ, ತೇಲಿಕೊಂಡು ಹೋದ ಹಾಗಿತ್ತು. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇದೆ, ಮುಂದಿನ ಸೀಟಿನಲ್ಲಿ ಮೂರು ಜನ ಕೂರಬಹುದು.

ರೂಮಿನಲ್ಲಿರುವವರದ್ದೆಲ್ಲ ಒಂದೇ ಮಾತು. ಅಮೆರಿಕದ ಹಳೇ ಕಾರಿಗೆ ಕೈ ಹಾಕಬೇಡ, ಜಪಾನಿನದ್ದು ತಗೋ ಅಂತ. ಸರಿ, ಆದರೆ ಇದೇ ದುಡ್ಡಿಗೆ ನಾನು ನೋಡಿದ ಕೊರೊಲಾ, ಸಿವಿಕ್ ಎಲ್ಲ ಎರಡು ಲಕ್ಷ ಮೈಲಿ ದಾಟಿದವು, ನಾಲ್ಕೈದು ಕೈ ಬದಲಾದವು. ಯಾರು ಹೇಗೆ ಓಡಿಸಿದರೋ ಗೊತ್ತಾಗುವುದಿಲ್ಲ.

ಬ್ಯುಯಿಕ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಓಲ್ಡ್ಸ್‌ಮೊಬೈಲ್ ಹೋಯಿತು, ಪಾಂಟಿಯಾಕ್ ಹೋಯಿತು, ಇದೊಂದು ಹೇಗೆ ಉಳಿಯಿತು ಅನ್ನುವ ಕುತೂಹಲವೂ ಇದೆ. ಇಷ್ಟು ಹಳೇ ಕಾರಿಗೆ ಪಾರ್ಟ್ಸ್ ಸಿಗುತ್ತದಾ? ದಿನಾ ಮೂವತ್ತಾರು ಮೈಲಿ ಓಡಿಸಿದರೆ ತಡೆದುಕೊಳ್ಳುತ್ತದಾ? ಓಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನನ್ನ ಹತ್ತಿರ ಇರುವುದೇ ನಾಲ್ಕು ಸಾವಿರ ಡಾಲರ್, ತಪ್ಪಾದರೆ ಇನ್ನೊಂದು ಕಾರು ತಗೊಳ್ಳುವ ಶಕ್ತಿ ಇಲ್ಲ.

ಸ್ಪ್ಯಾನರ್ 22

ತಮ್ಮಾ, ಅಜ್ಜ ಮನಸ್ಸು ಬದಲಾಯಿಸುವ ಮೊದಲು ಹೋಗಿ ಮಾತಾಡು.

ನನ್ನದು 2002ರ ಲೆಸೇಬರ್. ಓಹಾಯೋದಲ್ಲಿದ್ದೇನೆ. ಹನ್ನೊಂದು ವರ್ಷದ ಹಿಂದೆ 78,000 ಮೈಲಿಗೆ ತಗೊಂಡೆ, ಈಗ 2,26,000 ಆಗಿದೆ. ಎಂಜಿನ್ ಒಂದು ಸಲವೂ ಬಿಚ್ಚಿಲ್ಲ. ಬ್ಯಾಟರಿ, ಬ್ರೇಕ್ ಪ್ಯಾಡ್, ಟೈರು, ಬೆಲ್ಟು, ಸ್ಪಾರ್ಕ್ ಪ್ಲಗ್ಗು, ಇವೆಲ್ಲ ಯಾವ ಕಾರಿಗಾದರೂ ಬರುವ ಖರ್ಚು. ನನ್ನ ಮಗಳು ಡ್ರೈವಿಂಗ್ ಕಲಿತದ್ದು ಇದರಲ್ಲೇ. ಅವಳು ಕಾಲೇಜಿಗೆ ಹೊರಟಾಗ ಹಾಸಿಗೆ, ಪುಸ್ತಕ, ಕುಕ್ಕರು, ಒಂದು ಪುಟ್ಟ ಫ್ರಿಜ್ಜು ಎಲ್ಲ ಡಿಕ್ಕಿಯಲ್ಲೇ ಹಿಡಿಯಿತು.

ಈ ಕಾರಿನ ಜೀವ ಇರುವುದು ಅದರ ಎಂಜಿನ್‌ನಲ್ಲಿ. 3.8 ಲೀಟರ್ ವಿ6 (ವಿ ಆಕಾರದಲ್ಲಿ ಕೂರಿಸಿದ ಆರು ಸಿಲಿಂಡರ್), ಎಲ್ಲರೂ ಕರೆಯುವುದು 3800 ಅಂತ. ನಿನ್ನ 2004ರ ಕಾರಿನಲ್ಲಿರುವುದು ಅದರ ಸೀರೀಸ್ 2. ವಿನ್ ನಂಬರಿನಲ್ಲಿ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ) ಎಂಟನೆಯ ಅಕ್ಷರ ನೋಡು, 'ಕೆ' ಇರುತ್ತದೆ. 205 ಹಾರ್ಸ್‌ಪವರ್. ಬ್ಲಾಕೂ ಎರಕದ ಕಬ್ಬಿಣ, ಹೆಡ್ಡೂ ಎರಕದ ಕಬ್ಬಿಣ. ಟೈಮಿಂಗ್‌ಗೆ ರಬ್ಬರ್ ಬೆಲ್ಟ್ ಅಲ್ಲ, ಚೈನು. ವಾಲ್ವ್‌ಗಳನ್ನು ಕಡ್ಡಿಗಳಿಂದ ತಳ್ಳುವ ಹಳೇ ಕಾಲದ ಪುಶ್‌ರಾಡ್ ವಿನ್ಯಾಸ, ಒಳಗೆ ಕೆಡುವ ಸಾಮಾನೇ ಕಡಿಮೆ. ಹೈವೇಯಲ್ಲಿ ಎಪ್ಪತ್ತರ ವೇಗದಲ್ಲಿ ಹೋಗುವಾಗ ಎರಡು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ತಣ್ಣಗೆ ತಿರುಗುತ್ತಿರುತ್ತದೆ. ಇಷ್ಟು ದೊಡ್ಡ ಕಾರಿಗೆ ಗ್ಯಾಲನ್ನಿಗೆ 28 ಮೈಲಿ ನನಗೆ ಸಿಗುತ್ತದೆ.

ಹಾಗಂತ ಕಣ್ಣು ಮುಚ್ಚಿಕೊಂಡು ತಗೋ ಅನ್ನುತ್ತಿಲ್ಲ. ಈ ಎಂಜಿನ್‌ಗೆ ಎರಡು ಕಡೆ ಪೆಟ್ಟು ಬೀಳುತ್ತದೆ, ಎರಡೂ ಪ್ಲಾಸ್ಟಿಕ್‌ನಿಂದ. ಇದನ್ನು ಚೆನ್ನಾಗಿ ತಿಳಿದುಕೊಂಡು ಹೋಗು.

ಮೊದಲನೆಯದು ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಹರಿಯುವ ಬಾಗಿದ ಕೊಳವೆ, ಅಂದರೆ ಎಲ್ಬೋ. ಬೆರಳಿಗಿಂತ ಸ್ವಲ್ಪ ದಪ್ಪದ ಎರಡು ಪ್ಲಾಸ್ಟಿಕ್ ಕೊಳವೆ ತುಂಡು, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್‌ನ ಬ್ರಾಕೆಟ್ ಹಿಂದೆ ಅಡಗಿ ಕೂತಿರುತ್ತವೆ. ಇಪ್ಪತ್ತು ವರ್ಷ ಬಿಸಿನೀರು ಕುಡಿದ ಪ್ಲಾಸ್ಟಿಕ್ ಬಿಸ್ಕತ್ತಿನ ಥರ ಆಗಿರುತ್ತದೆ, ಹೊರಗೆ ಎಳೆದರೆ ಕೈಯಲ್ಲೇ ಪುಡಿಯಾಗುತ್ತದೆ. ದಾರಿ ಮಧ್ಯೆ ಒಡೆದರೆ ಕೂಲೆಂಟ್ ಎಲ್ಲ ನೆಲಕ್ಕೆ. ಸಾಮಾನಿಗೆ ಕೆಲವೇ ಡಾಲರು, ಅಲ್ಯೂಮಿನಿಯಂನದ್ದೇ ಸಿಗುತ್ತದೆ. ನಾನು ಕಾರು ತಂದ ತಿಂಗಳೇ ಹಾಕಿಬಿಟ್ಟೆ.

ಎರಡನೆಯದು ಎಂಜಿನ್ ಮೇಲಿರುವ ಇನ್‌ಟೇಕ್ ಮ್ಯಾನಿಫೋಲ್ಡ್, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ. ಸೀರೀಸ್ 2ರಲ್ಲಿ ಅದರ ಮೇಲ್ಭಾಗ ಪ್ಲಾಸ್ಟಿಕ್. ಸೈಲೆನ್ಸರ್ ಕಡೆಯಿಂದ ಬಿಸಿ ಹೊಗೆಯನ್ನು ವಾಪಸ್ ಎಂಜಿನ್‌ಗೆ ತರುವ ಇಜಿಆರ್ ಕೊಳವೆ ಅದರೊಳಗೇ ಹಾದುಹೋಗುತ್ತದೆ. ಆ ಶಾಖಕ್ಕೆ ಪಕ್ಕದ ಪ್ಲಾಸ್ಟಿಕ್ ನಿಧಾನವಾಗಿ ಸವೆಯುತ್ತದೆ. ಅದರ ಪಕ್ಕದಲ್ಲೇ ಕೂಲೆಂಟ್ ಹರಿಯುವ ದಾರಿ. ತೂತಾದರೆ ಕೂಲೆಂಟ್ ಎಂಜಿನ್ ಒಳಗೆ ಇಳಿಯುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ, ಆದರೆ ಟ್ಯಾಂಕಿನಲ್ಲಿ ಮಟ್ಟ ಇಳಿಯುತ್ತಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸಿಹಿ ವಾಸನೆಯ ಬಿಳಿ ಹೊಗೆ ಬರಬಹುದು. ಗಮನಿಸದೆ ಬಿಟ್ಟರೆ ಸಿಲಿಂಡರಿನಲ್ಲಿ ನೀರು ತುಂಬಿ ಎಂಜಿನ್ ಜಾಮ್ ಆಗುತ್ತದೆ, ಅಲ್ಲಿಗೆ ಕಾರಿನ ಕಥೆ ಮುಗಿಯಿತು. ಈಗ ಸಿಗುವ ಹೊಸ ಮ್ಯಾನಿಫೋಲ್ಡ್‌ಗಳಲ್ಲಿ ಆ ಕೊಳವೆ ಸಣ್ಣದು, ಪ್ಲಾಸ್ಟಿಕ್‌ಗೂ ಅದಕ್ಕೂ ನಡುವೆ ಜಾಗ ಬಿಟ್ಟಿದ್ದಾರೆ. ನನ್ನ ಮಾತು ಕೇಳಿದರೆ ಕಾಯುತ್ತಾ ಕೂರದೆ ಮೊದಲೇ ಹಾಕಿಸು.

ಇನ್ನೊಂದು ಮಾತು. ಗೇರ್‌ಬಾಕ್ಸ್‌ನ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ ನೋಡು. ಕೆಂಪಗಿದ್ದರೆ ಒಳ್ಳೆಯದು. ಕಂದು ಬಣ್ಣ ಬಂದು ಸುಟ್ಟ ವಾಸನೆ ಇದ್ದರೆ ಆಗ ಯೋಚನೆ ಮಾಡೋಣ.

ಫ್ಲಿಂಟ್‌ವಾಸಿ

ಇದು ಹೇಗೆ ಉಳಿಯಿತು ಅಂತ ಕೇಳಿದ್ದಾರಲ್ಲ, ಅದನ್ನು ನಾನು ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಮಿಶಿಗನ್‌ನ ಫ್ಲಿಂಟ್‌ನಲ್ಲಿದ್ದೇನೆ, ಬ್ಯುಯಿಕ್ ಹುಟ್ಟಿ ಬೆಳೆದ ಊರು ಇದು. ಸ್ವಲ್ಪ ಉದ್ದ ಆಗಬಹುದು, ಆದರೆ ಆ ಎಂಜಿನ್ ಯಾಕೆ ಅಷ್ಟು ಗಟ್ಟಿ ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ.

ಡೇವಿಡ್ ಡನ್‌ಬಾರ್ ಬ್ಯುಯಿಕ್ ಸ್ಕಾಟ್‌ಲೆಂಡಿನಲ್ಲಿ 1854ರಲ್ಲಿ ಹುಟ್ಟಿದವನು. ಎರಡು ವರ್ಷದ ಮಗುವಾಗಿದ್ದಾಗ ಮನೆಯವರು ಅಮೆರಿಕಕ್ಕೆ ಕರೆತಂದರು. ಡೆಟ್ರಾಯಿಟ್‌ನಲ್ಲಿ ನಲ್ಲಿ, ಕೊಳಾಯಿ ಸಾಮಾನಿನ ವ್ಯಾಪಾರ ಮಾಡುತ್ತಿದ್ದ. ಎರಕದ ಕಬ್ಬಿಣದ ಸ್ನಾನದ ತೊಟ್ಟಿಗೆ ಬಿಳಿ ಎನಾಮಲ್ ಹಿಡಿಸುವ ವಿಧಾನ ಕಂಡುಹಿಡಿದು ದುಡ್ಡು ಮಾಡಿದ. ಆಮೇಲೆ ಎಂಜಿನ್ ಹುಚ್ಚು ಹತ್ತಿತು. ವಾಲ್ವ್‌ಗಳನ್ನು ಸಿಲಿಂಡರ್ ಪಕ್ಕದಲ್ಲಿಡದೆ ತಲೆಯ ಮೇಲೆ ಇಡುವ ಎಂಜಿನ್ ಮಾಡಿದ್ದು ಅವನ ಜನ. 1903ರಲ್ಲಿ ಕಂಪನಿ ಶುರುವಾಯಿತು. 1904ರಲ್ಲಿ ತಯಾರಾದದ್ದು ಬರೀ 37 ಕಾರು. ಆ ವರ್ಷವೇ ಫ್ಲಿಂಟ್‌ನ ವಿಲಿಯಂ ಡ್ಯುರಂಟ್, ಕುದುರೆಗಾಡಿ ಮಾಡಿ ಶ್ರೀಮಂತನಾದವನು, ಕಂಪನಿಯನ್ನು ಕೈಗೆ ತಗೊಂಡ. ನಾಲ್ಕೇ ವರ್ಷದಲ್ಲಿ ಬ್ಯುಯಿಕ್ ಎಷ್ಟು ಬೆಳೆಯಿತು ಅಂದರೆ ಅದನ್ನೇ ಅಡಿಪಾಯ ಮಾಡಿಕೊಂಡು 1908ರಲ್ಲಿ ಜನರಲ್ ಮೋಟರ್ಸ್ ಕಟ್ಟಿದ. ಜಿಎಂ ಬ್ಯುಯಿಕ್ ಅನ್ನು ಹುಟ್ಟಿಸಲಿಲ್ಲ, ಬ್ಯುಯಿಕ್‌ನಿಂದ ಜಿಎಂ ಹುಟ್ಟಿತು. ಪಾಪ, ಡೇವಿಡ್ ಬ್ಯುಯಿಕ್ ಕೈಯಲ್ಲಿ ಏನೂ ಉಳಿಯಲಿಲ್ಲ. 1929ರಲ್ಲಿ ಡೆಟ್ರಾಯಿಟ್‌ನಲ್ಲಿ ಬಡವನಾಗಿಯೇ ತೀರಿಕೊಂಡ. ಅವನ ಹೆಸರಿನ ಲಕ್ಷಾಂತರ ಕಾರು ಆಗ ರಸ್ತೆಯಲ್ಲಿ ಓಡುತ್ತಿದ್ದವು. ಇದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಈಗ ಎಂಜಿನ್ ವಿಷಯ. 1961ರಲ್ಲಿ ಬ್ಯುಯಿಕ್‌ನವರು ಪೂರ್ತಿ ಅಲ್ಯೂಮಿನಿಯಂನ ಸಣ್ಣ ವಿ8 ತಂದರು. ಒಳ್ಳೆಯ ಎಂಜಿನ್, ಆದರೆ ಮಾಡಲು ಖರ್ಚು ಜಾಸ್ತಿ. ಅದರಲ್ಲಿ ಎರಡು ಸಿಲಿಂಡರ್ ಕಡಿಮೆ ಮಾಡಿ, ಅಲ್ಯೂಮಿನಿಯಂ ಬಿಟ್ಟು ಕಬ್ಬಿಣದಲ್ಲಿ ಎರಕ ಹೊಯ್ದು 1962ರ ಸ್ಪೆಷಲ್ ಕಾರಿಗೆ ಒಂದು ವಿ6 ಹಾಕಿದರು. ಅಮೆರಿಕದ ಕಾರಿನಲ್ಲಿ ದೊಡ್ಡ ಪ್ರಮಾಣದಲ್ಲಿ ಬಂದ ಮೊದಲ ವಿ6 ಅದು. ಆ ಅಲ್ಯೂಮಿನಿಯಂ ವಿ8 ಬ್ರಿಟನ್ನಿನ ರೋವರ್ ಪಾಲಾಯಿತು, ಅಲ್ಲಿ ದಶಕಗಟ್ಟಲೆ ಬಾಳಿತು. ವಿ6 ಕಥೆ ಇನ್ನೂ ವಿಚಿತ್ರ. ಪೆಟ್ರೋಲು ಅಗ್ಗ ಇದ್ದ ಕಾಲ, ಎಲ್ಲರಿಗೂ ವಿ8 ಬೇಕು, ಇದನ್ನು ಕೇಳುವವರಿಲ್ಲ. 1967ರಲ್ಲಿ ಜೀಪ್ ತಯಾರಿಸುತ್ತಿದ್ದ ಕೈಸರ್ ಕಂಪನಿಗೆ ಯಂತ್ರಗಳ ಸಮೇತ ಮಾರಿಬಿಟ್ಟರು. ಕೈಸರ್‌ನ ಜೀಪ್ ವ್ಯವಹಾರ ಆಮೇಲೆ ಎಎಂಸಿ (ಅಮೆರಿಕನ್ ಮೋಟರ್ಸ್) ಕೈಗೆ ಹೋಯಿತು, ಅವರು ಈ ಎಂಜಿನ್ ನಿಲ್ಲಿಸಿದರು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂತು. ಪೆಟ್ರೋಲ್ ಬಂಕಿನ ಮುಂದೆ ಉದ್ದುದ್ದ ಸಾಲು. ಜಿಎಂಗೆ ತುರ್ತಾಗಿ ಸಣ್ಣ ಎಂಜಿನ್ ಬೇಕಾಯಿತು. 1974ರಲ್ಲಿ ತಾವೇ ಮಾರಿದ ಯಂತ್ರಗಳನ್ನು ವಾಪಸ್ ಕೊಂಡು ಫ್ಲಿಂಟ್‌ಗೆ ತಂದರು.

ಬಂದ ತಕ್ಷಣ ಚೆನ್ನಾಗಿರಲಿಲ್ಲ. ವಿ8ನಿಂದ ಬಂದ ಎಂಜಿನ್ ಆದ್ದರಿಂದ ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕೋನ 90 ಡಿಗ್ರಿ. ಆರು ಸಿಲಿಂಡರ್‌ಗೆ ಅದು ಹೊಂದುವುದಿಲ್ಲ. ಒಂದು ಸಿಲಿಂಡರ್ ಉರಿದ ಮೇಲೆ 90 ಡಿಗ್ರಿಗೆ ಇನ್ನೊಂದು, ಆಮೇಲೆ 150 ಡಿಗ್ರಿಗೆ ಮತ್ತೊಂದು, ಹೀಗೆ ಕುಂಟುತ್ತಾ ಓಡುತ್ತಿತ್ತು. 1977ರಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್‌ನ ಪಿನ್ನುಗಳನ್ನು ಸೀಳಿ ಸ್ವಲ್ಪ ಆಚೀಚೆ ಮಾಡಿ 120 ಡಿಗ್ರಿಗೊಮ್ಮೆ ಸಮವಾಗಿ ಉರಿಯುವ ಹಾಗೆ ಮಾಡಿದರು. ಆದರೂ ಆ ಕಾಲದ 231 ಘನ ಇಂಚಿನ (3.8 ಲೀಟರ್) ಎಂಜಿನ್‌ನಲ್ಲಿ ಆಯಿಲ್ ಪ್ರೆಶರ್ ತೊಂದರೆ, ನೈಲಾನ್ ಹಲ್ಲಿನ ಟೈಮಿಂಗ್ ಗೇರ್ ಸವೆಯುವ ತೊಂದರೆ ಇದ್ದೇ ಇತ್ತು. ಒಂದೊಂದಾಗಿ ಸರಿಮಾಡುತ್ತಾ ಬಂದರು. 1987ರ ಕಪ್ಪು ಗ್ರ್ಯಾಂಡ್ ನ್ಯಾಷನಲ್, ಅದರ ಮೇಲಿನ ಜಿಎನ್‌ಎಕ್ಸ್ (ಬರೀ 547 ಕಾರು ಮಾಡಿದ್ದು), ಇವುಗಳಲ್ಲಿ ಟರ್ಬೊ ಕೂರಿಸಿದ್ದೂ ಇದೇ ವಿ6 ಮೇಲೆ. 1988ರಲ್ಲಿ ಅದುರುವಿಕೆ ತಗ್ಗಿಸಲು ಬ್ಯಾಲೆನ್ಸ್ ಶಾಫ್ಟ್ ಸೇರಿಸಿ 3800 ಅಂತ ಹೆಸರಿಟ್ಟರು. 1995ರಲ್ಲಿ ಸೀರೀಸ್ 2 ಬಂತು.

ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಎಂಜಿನ್ ಗಟ್ಟಿಯಾದದ್ದು ಒಂದೇ ದಿನದಲ್ಲಿ ಅಲ್ಲ. ಒಂದೇ ಎಂಜಿನ್ ಅನ್ನು ಬಿಡದೆ ಮೂವತ್ತು ವರ್ಷ ತಿದ್ದಿದ್ದರಿಂದ. ಕೊನೆಯ 3800 ಇಲ್ಲಿನ ಫ್ಲಿಂಟ್ ನಾರ್ತ್ ಕಾರ್ಖಾನೆಯಿಂದ ಹೊರಬಂದದ್ದು 2008ರ ಆಗಸ್ಟ್ 22ರಂದು. ಅಷ್ಟರೊಳಗೆ ಈ ಕುಟುಂಬದ ಎಂಜಿನ್‌ಗಳು ಎರಡೂವರೆ ಕೋಟಿ ದಾಟಿದ್ದವು. ಪಾರ್ಟ್ಸ್ ಸಿಗುತ್ತದಾ ಅಂತ ಕೇಳಿದ್ದಕ್ಕೂ ಇದೇ ಉತ್ತರ. ಯಾವ ಆಟೊ ಪಾರ್ಟ್ಸ್ ಅಂಗಡಿಗೆ ಹೋದರೂ ಇದರ ಸಾಮಾನು ಶೆಲ್ಫಿನ ಮೇಲೇ ಇರುತ್ತದೆ.

ಬ್ಯುಯಿಕ್ ಉಳಿದದ್ದು ಮಾತ್ರ ಎಂಜಿನ್‌ನಿಂದ ಅಲ್ಲ, ಚೀನಾದಿಂದ. ಅಲ್ಲಿನ ಕೊನೆಯ ಚಕ್ರವರ್ತಿ ಪೂಯಿ ಹತ್ತಿರವೇ ಬ್ಯುಯಿಕ್ ಇತ್ತು, ಹೆಸರಿಗೆ ಹಳೇ ಮರ್ಯಾದೆ ಇತ್ತು. 1997ರಲ್ಲಿ ಜಿಎಂ ಶಾಂಘೈನಲ್ಲಿ ಪಾಲುದಾರಿಕೆ ಮಾಡಿಕೊಂಡಿತು, ಮರುವರ್ಷದ ಕೊನೆಗೆ ಅಲ್ಲಿ ಬ್ಯುಯಿಕ್ ತಯಾರಾಗಲು ಶುರುವಾಯಿತು. 2009ರಲ್ಲಿ ಜಿಎಂ ದಿವಾಳಿಯಾದಾಗ ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಎಲ್ಲ ಹೋದವು. ಓಲ್ಡ್ಸ್‌ಮೊಬೈಲ್ ಅದಕ್ಕೂ ಮೊದಲೇ 2004ರಲ್ಲಿ ನಿಂತಿತ್ತು. ಚೀನಾದಲ್ಲಿ ಅಷ್ಟು ಮಾರಾಟ ಇದ್ದ ಹೆಸರನ್ನು ಮುಚ್ಚಲು ಆಗುವುದಿಲ್ಲ ಅಲ್ವಾ? 2016ರಲ್ಲಿ ಅಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಬ್ಯುಯಿಕ್ ಮಾರಾಟವಾದವು, ಇಲ್ಲಿ ಸುಮಾರು ಎರಡೂಕಾಲು ಲಕ್ಷ.

ಇನ್ನೊಂದು ಹೇಳಿ ನಿಲ್ಲಿಸುತ್ತೇನೆ. ಇಲ್ಲಿ ಬ್ಯುಯಿಕ್ ಸಿಟಿ ಅಂತ ದೊಡ್ಡ ಕಾರ್ಖಾನೆ ಇತ್ತು. ಲೆಸೇಬರ್ ಅಲ್ಲೇ ತಯಾರಾಗುತ್ತಿತ್ತು. 1999ರಲ್ಲಿ ಗುಣಮಟ್ಟಕ್ಕೆ ಜೆ.ಡಿ. ಪವರ್ ಅನ್ನುವ ಸಮೀಕ್ಷೆ ಕಂಪನಿಯ ಪ್ಲಾಟಿನಂ ಪ್ರಶಸ್ತಿ ಬಂದದ್ದು ಆ ಕಾರ್ಖಾನೆಗೆ. ಅದೇ ವರ್ಷ ಜೂನ್ 29ಕ್ಕೆ ಅದನ್ನು ಮುಚ್ಚಿದರು. ಕೊನೆಗೆ ಹೊರಬಂದ ಕಾರೂ ಒಂದು ಲೆಸೇಬರ್. ಅಲ್ಲಿ ದುಡಿದವರು ಈಗಲೂ ನನ್ನ ಬೀದಿಯಲ್ಲಿದ್ದಾರೆ. ಆ ಕಾರಿನ ಬಗ್ಗೆ ಮಾತಾಡುವಾಗ ಅವರ ದನಿಯೇ ಬೇರೆ ಆಗುತ್ತದೆ. ನಿಮ್ಮ 2004ರ ಕಾರು ಅಲ್ಲಿಂದ ಬಂದದ್ದಲ್ಲ, ಆದರೆ ಎಂಜಿನ್ ನಮ್ಮೂರಿನದ್ದೇ.

ಹಿಮದೂರು

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ನಾನು ಸ್ವಲ್ಪ ತಡೆಯುತ್ತೇನೆ. ಮಿನೆಸೋಟಾದಲ್ಲಿದ್ದೇನೆ, ಮನೆಯಲ್ಲಿ 2001ರ ಬ್ಯುಯಿಕ್ ಸೆಂಚುರಿ, ಆಮೇಲೆ 2005ರ ಲೆಸೇಬರ್ ಎರಡೂ ಓಡಿಸಿದ್ದೇವೆ.

ಮೊದಲು ಒಂದು ವಿಷಯ. ಬ್ಯುಯಿಕ್ ಅಂದ ಮಾತ್ರಕ್ಕೆ 3800 ಅಲ್ಲ. ಸೆಂಚುರಿಯಲ್ಲಿದ್ದದ್ದು 3.1 ಲೀಟರ್, ಅದು ಬೇರೆಯೇ ಎಂಜಿನ್, ಅದರ ಇನ್‌ಟೇಕ್ ಗ್ಯಾಸ್ಕೆಟ್ ಕಥೆ ಬೇರೆ. 2008ರ ಎನ್‌ಕ್ಲೇವ್‌ನಲ್ಲಿ 3.6 ಲೀಟರ್, ಆ ಮೊದಲ ವರ್ಷಗಳ ಟೈಮಿಂಗ್ ಚೈನು ಬೇಗ ಸವೆಯುತ್ತಿತ್ತು, ಕಂಪನಿಯೇ ವಾರಂಟಿ ಹೆಚ್ಚಿಸಿ ಕೊಟ್ಟಿತು. 1980ರ ಆಸುಪಾಸಿನಲ್ಲಿ ಓಲ್ಡ್ಸ್‌ಮೊಬೈಲ್‌ನ ಡೀಸೆಲ್ ವಿ8 ಹಾಕಿದ ಬ್ಯುಯಿಕ್‌ಗಳೂ ಇದ್ದವು. ಅದರ ಹೆಡ್ ಬೋಲ್ಟ್‌ಗಳು ಡೀಸೆಲ್‌ನ ಒತ್ತಡ ತಡೆಯದೆ ಎಷ್ಟೋ ಜನ ಕೋರ್ಟಿಗೆ ಹೋದರು. ಈಗ ಇಲ್ಲಿ ಮಾರುವ ಬ್ಯುಯಿಕ್ ಎಲ್ಲ ಎಸ್‌ಯುವಿ, ಎನ್‌ವಿಷನ್ ಚೀನಾದಿಂದ ಬಂದದ್ದು, ಎನ್‌ಕೋರ್ ಜಿಎಕ್ಸ್ ಕೊರಿಯಾದಿಂದ, ಅದಕ್ಕೆ ಮೂರು ಸಿಲಿಂಡರ್. ಅದಕ್ಕೇ ಹೇಳುವುದು, ಇದು ಬ್ರ್ಯಾಂಡ್ ನೋಡಿ ತಗೊಳ್ಳುವ ಕಾರಲ್ಲ, ಎಂಜಿನ್ ಮತ್ತು ವರ್ಷ ನೋಡಿ ತಗೊಳ್ಳುವ ಕಾರು. ನಿಮಗೆ ಸಿಕ್ಕಿರುವ ವರ್ಷ ಒಳ್ಳೆಯದು.

3800ಕ್ಕೂ ಒಂದು ಕಪ್ಪು ಚುಕ್ಕೆ ಇದೆ. ವಾಲ್ವ್ ಕವರ್ ಗ್ಯಾಸ್ಕೆಟ್ ಹಳತಾಗಿ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕಿ ಬೆಂಕಿ ಹೊತ್ತಿದ್ದುಂಟು. 2015ರ ಅಕ್ಟೋಬರ್‌ನಲ್ಲಿ ಜಿಎಂ 14 ಲಕ್ಷ ಕಾರು ವಾಪಸ್ ಕರೆಯಿತು, 1997ರಿಂದ 2004ರವರೆಗಿನ ಪಾಂಟಿಯಾಕ್ ಗ್ರ್ಯಾಂಡ್ ಪ್ರೀ, ಶೆವರ್ಲೆ ಇಂಪಾಲಾ, ಬ್ಯುಯಿಕ್ ರೀಗಲ್ ಇತ್ಯಾದಿ. ಯಾವ ಮಾಡೆಲ್ ಆದರೂ ಸರಿ, ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸೈಟಿನಲ್ಲಿ ವಿನ್ ನಂಬರ್ ಹಾಕಿ ನೋಡಿ. ಒಂದು ನಿಮಿಷದ ಕೆಲಸ, ದುಡ್ಡೂ ಇಲ್ಲ. ಬಾನೆಟ್ ಎತ್ತಿ ಹಿಂದಿನ ಕವರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಕಪ್ಪು ಜಿಡ್ಡು ಇದೆಯಾ ಅಂತ.

ನಿಜವಾಗಿ ನಿಮ್ಮ ಊರಿನಲ್ಲಿ ಈ ಕಾರನ್ನು ಕೊಲ್ಲುವುದು ಎಂಜಿನ್ ಅಲ್ಲ, ರಸ್ತೆಗೆ ಸುರಿಯುವ ಉಪ್ಪು. ಮಿಶಿಗನ್‌ನಲ್ಲಿ ಇಪ್ಪತ್ತು ಚಳಿಗಾಲ ಕಂಡ ಕಾರು. ಮೇಲೆ ಬಣ್ಣ ಎಷ್ಟೇ ಹೊಳೆಯಲಿ, ಕೆಳಗೆ ನುಗ್ಗಿ ನೋಡಲೇಬೇಕು. ಬ್ರೇಕ್ ಆಯಿಲ್ ಹೋಗುವ ಉಕ್ಕಿನ ಸಣ್ಣ ಪೈಪುಗಳು, ಪೆಟ್ರೋಲ್ ಪೈಪುಗಳು, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಮೇಲ್ಭಾಗ. ಬ್ರೇಕ್ ಪೈಪಿನ ಮೇಲೆ ಬರೀ ಕೆಂಪು ಪುಡಿ ಇದ್ದರೆ ಪರವಾಗಿಲ್ಲ. ಉಗುರಿನಲ್ಲಿ ಕೆರೆದಾಗ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದ್ದರೆ ಆ ಪೈಪು ಯಾವತ್ತು ಬೇಕಾದರೂ ಒಡೆಯಬಹುದು. ಇದರಲ್ಲಿ ರಾಜಿ ಬೇಡ. ಮಂಜಿನ ರಸ್ತೆಯಲ್ಲಿ ಬ್ರೇಕ್ ಪೆಡಲ್ ನೆಲಕ್ಕೆ ಹೋದರೆ ಎಂಜಿನ್ ಎಷ್ಟು ಗಟ್ಟಿ ಇದ್ದು ಏನು ಪ್ರಯೋಜನ?

ಗ್ಯಾರೇಜ್ ವಿಷಯದಲ್ಲೂ ಎಚ್ಚರ. ನಮ್ಮ ಲೆಸೇಬರ್‌ಗೆ ಒಂದು ಗ್ಯಾರೇಜಿನಲ್ಲಿ ಕೂಲೆಂಟ್ ಬದಲಾಯಿಸಿದೆವು. ಎರಡು ವಾರದಲ್ಲಿ ಮಟ್ಟ ಇಳಿಯತೊಡಗಿತು. ಅವರ ಹತ್ತಿರವೇ ತಗೊಂಡು ಹೋದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, 1,900 ಡಾಲರ್ ಆಗುತ್ತದೆ ಅಂದರು. ನನ್ನ ಕೈಕಾಲೇ ಆಡಲಿಲ್ಲ. ಯಜಮಾನರು ಬೇರೆ ಕಡೆ ತೋರಿಸೋಣ ಅಂದರು. ಆ ಎರಡನೇ ಮೆಕ್ಯಾನಿಕ್ ಪ್ರೆಶರ್ ಪಂಪ್ ಹಚ್ಚಿ ಐದು ನಿಮಿಷ ನೋಡಿದ. ಮೊದಲಿನವರು ಹೋಸ್ ಕ್ಲ್ಯಾಂಪ್ ಸರಿಯಾಗಿ ಬಿಗಿದಿರಲಿಲ್ಲ, ಅಷ್ಟೇ. ಸ್ಕ್ರೂ ಡ್ರೈವರ್ ತಗೊಂಡು ತಿರುಗಿಸಿದ, ದುಡ್ಡೂ ತಗೊಳ್ಳಲಿಲ್ಲ.

ಮ್ಯಾನಿಫೋಲ್ಡ್ ವಿಷಯದಲ್ಲಿ ಸ್ಪ್ಯಾನರ್ ಅವರ ಮಾತು ನನಗೆ ಒಪ್ಪಿಗೆ ಇಲ್ಲ. 3,400ರ ಕಾರಿಗೆ ಮೊದಲ ತಿಂಗಳೇ ಅಷ್ಟು ಖರ್ಚು ಯಾಕೆ? ಈ ಹುಡುಗನ ಹತ್ತಿರ ಉಳಿಯುವುದು ಆರುನೂರು ಡಾಲರ್. ಪ್ರೆಶರ್ ಟೆಸ್ಟ್ ಮಾಡಿಸಲಿ. ಕೂಲೆಂಟ್ ಟ್ಯಾಂಕಿನ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿಕೊಂಡು ವಾರಕ್ಕೊಮ್ಮೆ ನೋಡಲಿ. ಇಳಿದರೆ ಆಗ ಮಾಡಿಸಿದರಾಯಿತು.

ಸ್ಪ್ಯಾನರ್ 22

ಅಕ್ಕಾ, ದುಡ್ಡಿನ ಲೆಕ್ಕ ನೀವು ಹೇಳಿದ್ದು ನಿಜ, ನಾನು ಅದನ್ನು ಯೋಚಿಸಿರಲಿಲ್ಲ. ಆದರೆ ನನಗೆ ಹೆದರಿಕೆ ಯಾಕೆ ಅಂದರೆ ಹೊಸಬರು ವಾರಕ್ಕೊಮ್ಮೆ ನೋಡುತ್ತೇನೆ ಅನ್ನುತ್ತಾರೆ, ಎರಡು ವಾರ ನೋಡುತ್ತಾರೆ, ಚಳಿ ಶುರುವಾದ ಮೇಲೆ ಬಾನೆಟ್ ಎತ್ತುವವರು ಯಾರು? ಈ ತೊಂದರೆ ಹೇಳಿ ಕೇಳಿ ಬರುವುದಿಲ್ಲ. ತಮ್ಮಾ, ನೀನು ನಿಜವಾಗಿ ನೋಡುವವನಾದರೆ ಅಕ್ಕನ ಮಾತಿನಂತೆ ಮಾಡು. ಆದರೆ ಎಲ್ಬೋ ಮಾತ್ರ ತಡಮಾಡಬೇಡ, ಅದಕ್ಕೆ ಖರ್ಚೇ ಇಲ್ಲ. ಕೂಲೆಂಟ್ ಕಿತ್ತಳೆ ಬಣ್ಣದ್ದು ಇರುತ್ತದೆ, ಅದಕ್ಕೆ ಹಸಿರು ಬಣ್ಣದ್ದು ಬೆರೆಸಬೇಡ.

ಸ್ಪಾರ್ಕ್ ಪ್ಲಗ್ ಒಂದು ಲಕ್ಷ ಮೈಲಿಗೆ ಬದಲಾಯಿಸಬೇಕು. ಮುಂದಿನ ಮೂರು ಸುಲಭ. ಹಿಂದಿನ ಮೂರು ಎಂಜಿನ್‌ಗೂ ಕ್ಯಾಬಿನ್ ಗೋಡೆಗೂ ನಡುವೆ ಇವೆ, ಕಣ್ಣಿಗೆ ಕಾಣುವುದಿಲ್ಲ, ಕೈಯಲ್ಲೇ ತಡವಿ ಬಿಚ್ಚಬೇಕು. ಎಂಜಿನ್ ತಣ್ಣಗಿರುವಾಗಲೇ ಮಾಡು.

ಮಲೆನಾಡ ಮಳೆ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಇವತ್ತು ಅಜ್ಜನ ಮನೆಗೆ ಹೋಗಿದ್ದೆ. ನೀವು ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಅವರು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ, ತಾವೇ ಟಾರ್ಚ್ ತಂದುಕೊಟ್ಟರು. ವಿನ್ ನಂಬರಿನ ಎಂಟನೆಯ ಅಕ್ಷರ 'ಕೆ'. ಸೈಟಿನಲ್ಲಿ ಹಾಕಿ ನೋಡಿದೆ, ಬಾಕಿ ಇರುವ ರೀಕಾಲ್ ಯಾವುದೂ ಇಲ್ಲ. ಗೇರ್‌ಬಾಕ್ಸ್ ಆಯಿಲ್ ಬಿಳಿ ಬಟ್ಟೆಯ ಮೇಲೆ ಕೆಂಪಗೆ ಬಂತು, ವಾಸನೆ ಇಲ್ಲ. ಹಿಂದಿನ ವಾಲ್ವ್ ಕವರ್ ಕೆಳಗೆ ಒಣ ಧೂಳು ಬಿಟ್ಟರೆ ಏನೂ ಕಾಣಲಿಲ್ಲ.

ಗ್ಲೋವ್ ಬಾಕ್ಸ್‌ನಲ್ಲಿ ಒಂದು ಸಣ್ಣ ನೋಟ್‌ಬುಕ್ ಇತ್ತು. ನೀಲಿ ರಟ್ಟು, ಸ್ಪ್ರಿಂಗ್ ಬೈಂಡಿಂಗ್. 2004ರಿಂದ ಪ್ರತಿ ಸಲ ಆಯಿಲ್ ಬದಲಾಯಿಸಿದ ತಾರೀಖು, ಮೈಲಿ, ಎಷ್ಟು ಕ್ವಾರ್ಟ್ ಹಾಕಿದೆ ಅಂತ ಅಜ್ಜ ಬರೆದಿಟ್ಟಿದ್ದಾರೆ. ಮೊದಲ ಪುಟಗಳಲ್ಲಿ ಅಕ್ಷರ ಸಣ್ಣ, ನೇರ. ಬರುಬರುತ್ತಾ ದೊಡ್ಡದಾಗಿ, ಸೊಟ್ಟಗಾಗಿ, ಕೊನೆಯ ಎರಡು ಪುಟ ಅಜ್ಜಿಯ ಕೈಬರಹ. 68,000 ಮೈಲಿಯ ಸಾಲಿನಲ್ಲಿ 'ಮೇಲಿನ ಇನ್‌ಟೇಕ್, ಹೊಸದು' ಅಂತ ಇದೆ, ಬಿಲ್ಲನ್ನು ಪಿನ್ ಮಾಡಿ ಇಟ್ಟಿದ್ದಾರೆ. ಅಂದರೆ ನಿಮ್ಮಿಬ್ಬರ ಜಗಳಕ್ಕೆ ಅಜ್ಜ ಎಂದೋ ಉತ್ತರ ಬರೆದಿಟ್ಟಿದ್ದಾರೆ. ಎಲ್ಬೋ ಬಗ್ಗೆ ಮಾತ್ರ ಎಲ್ಲೂ ಬರೆದಿಲ್ಲ.

ಆದರೆ ಹಿಮದೂರು ಅಕ್ಕ ಹೇಳಿದ ಹಾಗೆ ಹಿಂದಿನ ಎಡಗಡೆ ಬ್ರೇಕ್ ಪೈಪು ಒಂದು ಗೇಣಿನಷ್ಟು ಉದ್ದಕ್ಕೆ ಸಿಪ್ಪೆ ಎದ್ದಿದೆ. ಕೆರೆದಾಗ ಉಗುರಿಗೆ ಚೂರು ಹತ್ತಿತು. ಅದನ್ನು ತೋರಿಸಿದೆ. ಅಜ್ಜ ಬಗ್ಗಿ ಕೈಯಿಂದ ಮುಟ್ಟಿ ನೋಡಿ, ಇದನ್ನು ಸರಿಮಾಡಿಸದೆ ನಾನು ನಿನಗೆ ಕೊಡುವುದಿಲ್ಲ ಅಂದರು. ಕೊನೆಗೆ 3,000ಕ್ಕೆ ಒಪ್ಪಿದರು, ಪೈಪು ನಾನು ಮಾಡಿಸುವುದು ಅಂತ ಮಾತಾಯಿತು. ಸೋಮವಾರ ಕಾರನ್ನು ಓಡಿಸದೆ ಟ್ರಕ್ಕಿನ ಮೇಲೆ ಹಾಕಿಸಿಕೊಂಡು ಗ್ಯಾರೇಜಿಗೆ ಕಳಿಸುತ್ತೇನೆ. ನಾಲ್ಕೂ ಪೈಪು ಒಟ್ಟಿಗೆ ಬದಲಾಯಿಸುವುದು ಒಳ್ಳೆಯದಾ, ಕೆಟ್ಟಿರುವುದು ಒಂದೇ ಸಾಕಾ?

ಹಿಮದೂರು

ಹಿಂದಿನ ಎರಡನ್ನಂತೂ ಒಟ್ಟಿಗೆ ಮಾಡಿಸಿ. ಒಂದು ಹಾಳಾಗಿದ್ದರೆ ಅದರ ಜೊತೆಯದ್ದೂ ಅಷ್ಟೇ ಉಪ್ಪು ಕುಡಿದಿರುತ್ತದೆ. ನಿಕಲ್ ತಾಮ್ರದ ಪೈಪು ಹಾಕಿ ಅಂತ ಕೇಳಿ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಮುಂದಿನವನ್ನು ಅವರು ಕಾರು ಎತ್ತಿದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ, ಸಿಪ್ಪೆ ಇಲ್ಲದಿದ್ದರೆ ಬಿಡಿ.

ಸ್ಪ್ಯಾನರ್ 22

ಅಜ್ಜನ ನೋಟ್‌ಬುಕ್ಕಿನಲ್ಲಿ ಖಾಲಿ ಪುಟ ಉಳಿದಿದ್ದರೆ ಮುಂದಿನದ್ದನ್ನು ನೀನು ಅದರಲ್ಲೇ ಬರಿ. ಎಲ್ಬೋ ಹಾಕುವಾಗ ಟೆನ್ಷನರ್ ಬ್ರಾಕೆಟ್ ಬಿಚ್ಚುವ ಮೊದಲು ಬೆಲ್ಟು ಯಾವ ದಾರಿಯಲ್ಲಿ ಸುತ್ತಿದೆ ಅಂತ ಫೋನಿನಲ್ಲಿ ಒಂದು ಫೋಟೊ ತೆಗೆದುಕೋ. ಹಳೇ ಎಲ್ಬೋ ಒಳಗೇ ಮುರಿದುಕೊಂಡರೆ ಚೂರುಗಳು ಕೂಲೆಂಟ್ ದಾರಿಯೊಳಗೆ ಬೀಳದ ಹಾಗೆ ಬಟ್ಟೆ ತುರುಕಿ, ಸಣ್ಣ ಇಕ್ಕಳದಲ್ಲಿ ಒಂದೊಂದಾಗಿ ತೆಗಿ. ಹೊಸ ಓ ರಿಂಗಿಗೆ ಸ್ವಲ್ಪ ಕೂಲೆಂಟ್ ಸವರಿ ಕೂರಿಸು, ಒಣದಾಗಿ ಒತ್ತಿದರೆ ಹರಿಯುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಬರಿ, ಶನಿವಾರ ಮನೆಯಲ್ಲೇ ಇರುತ್ತೇನೆ.